ನೀರಿನಾಳದಿಂದ ಸುದ್ದಿ ಬರುವುದು ಹೇಗೆ?

ಮಕ್ಕಳೇ, 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದದ್ದನ್ನು ನಿಮ್ಮಲ್ಲಿ ಹಲವರು ಟಿ.ವಿ.ಯಲ್ಲಿ ನೋಡಿರಬಹುದು. ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ಅಷ್ಟು ದೂರದ ಸಂಕೇತಗಳನ್ನು ಹಿಡಿಯಲು ಬೆಂಗಳೂರಿನ ಹತ್ತಿರ ಬ್ಯಾಲಾಳು ಎಂಬಲ್ಲಿ 32 ಮೀಟರ್ ಅಗಲದ ಆಂಟೆನಾ ಇದೆ. ಚಂದ್ರನಿಂದ ಹೊರಟ ರೇಡಿಯೊ ಸಂಕೇತ ಭೂಮಿಗೆ ಬರಲು ಹಿಡಿಯುವ ಕಾಲ 1.3 ಸೆಕೆಂಡ್ ಮಾತ್ರ.

ಅದಕ್ಕೆ ಎಂಟು ತಿಂಗಳ ಮೊದಲು, 2022ರ ಡಿಸೆಂಬರಿನಲ್ಲಿ, ನಮ್ಮ ದೇಶದ ಇನ್ನೊಂದು ಯಂತ್ರ ಇನ್ನೊಂದು ದಿಕ್ಕಿಗೆ ಹೋಗಿತ್ತು. ಮೇಲಕ್ಕಲ್ಲ, ಕೆಳಕ್ಕೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 'ಸಾಗರನಿಧಿ' ಎಂಬ ಹಡಗಿನಿಂದ 'ಓಷನ್ ಮಿನರಲ್ ಎಕ್ಸ್‌ಪ್ಲೋರರ್' ಎಂಬ ವಾಹನವನ್ನು ಹಿಂದೂ ಮಹಾಸಾಗರದ ನಡುವೆ ನೀರಿಗೆ ಇಳಿಸಿದರು. ಅದರಲ್ಲಿ ಮನುಷ್ಯರಿಲ್ಲ. ಹಡಗಿಗೂ ಅದಕ್ಕೂ ಹಗ್ಗವಿಲ್ಲ, ತಂತಿಯೂ ಇಲ್ಲ. ಅದು 5,271 ಮೀಟರ್ ಆಳದಲ್ಲಿ ತಾನೇ ಓಡಾಡಿ, 14 ಚದರ ಕಿ.ಮೀ. ಸಮುದ್ರತಳವನ್ನು ಪರೀಕ್ಷಿಸಿತು. ಅಲ್ಲಿ ಆಲೂಗಡ್ಡೆಯಂಥ ಕಪ್ಪು ಉಂಡೆಗಳು ಬಿದ್ದಿವೆ. ಅವುಗಳಲ್ಲಿ ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇವೆ.

5,271 ಮೀಟರ್ ಎಂದರೆ ಐದು ಕಿಲೋಮೀಟರಿಗೆ ತುಸು ಹೆಚ್ಚು. ನೆಲದ ಮೇಲಾದರೆ ಒಂದು ತಾಸಿನ ನಡಿಗೆ. ಆದರೆ ಆ ಆಳದಿಂದ ಹಡಗಿಗೆ ಒಂದು ಸಂಕೇತ ಬರಲು ಸುಮಾರು ಮೂರೂವರೆ ಸೆಕೆಂಡ್ ಬೇಕು. ಅಂದರೆ ಚಂದ್ರನಿಂದ ಬರುವ ಸುದ್ದಿಗಿಂತ ಸಮುದ್ರತಳದಿಂದ ಬರುವ ಸುದ್ದಿ ತಡ! ಹೀಗೇಕೆ?

ರೇಡಿಯೊ ಏಕೆ ಬೇಡ?

ಮೊಬೈಲ್, ಟಿ.ವಿ., ವೈ-ಫೈ, ಉಪಗ್ರಹ, ಇವೆಲ್ಲ ಮಾತಾಡುವುದು ರೇಡಿಯೊ ತರಂಗಗಳ ಮೂಲಕ. ಗಾಳಿಯಲ್ಲಿ ಮತ್ತು ಶೂನ್ಯದಲ್ಲಿ ಅವು ಸರಾಗವಾಗಿ ಸಾಗುತ್ತವೆ. ಸಮುದ್ರದ ನೀರಿನಲ್ಲಿ ಉಪ್ಪು ಕರಗಿದೆ. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುತ್ತದೆ ಎಂದು ನೀವು ಬಲ್ಬು ಮತ್ತು ಬ್ಯಾಟರಿ ಸೆಲ್ಲಿನ ಪ್ರಯೋಗದಲ್ಲಿ ಕಲಿತಿದ್ದೀರಿ. ರೇಡಿಯೊ ತರಂಗ ಅಂಥ ನೀರನ್ನು ಹೊಕ್ಕರೆ ಅದರಲ್ಲಿರುವ ವಿದ್ಯುದಂಶಗಳನ್ನು ಅಲುಗಾಡಿಸುತ್ತದೆ. ಆ ಕೆಲಸದಲ್ಲೇ ತರಂಗದ ಶಕ್ತಿ ಖರ್ಚಾಗಿ ಶಾಖವಾಗಿಬಿಡುತ್ತದೆ. ವೈ-ಫೈ ತರಂಗ ಸಮುದ್ರದ ನೀರಿನಲ್ಲಿ ಒಂದು ಗೇಣು ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ.

ಹಾಗಾದರೆ ಬೆಳಕು? ತಿಳಿನೀರಿನಲ್ಲಿ ನೀಲಿ ಬೆಳಕು ಕೆಲವು ಹತ್ತು ಮೀಟರ್ ದೂರ ಹೋಗುತ್ತದೆ, ಅದರಲ್ಲಿ ಬಹಳ ವೇಗವಾಗಿ ಸುದ್ದಿ ಕಳಿಸಲೂಬಹುದು. ಆದರೆ ರಾಡಿ ನೀರಿನಲ್ಲಿ? ಮಳೆಗಾಲದಲ್ಲಿ ಅಫಜಲಪುರದ ಕಡೆ ಭೀಮಾ ನದಿಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ಮೊಣಕಾಲುದ್ದ ನೀರಿನಲ್ಲಿ ನಮ್ಮ ಪಾದವೇ ನಮಗೆ ಕಾಣದು. 2024ರ ಜುಲೈಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ಮುಳುಗಿದ ಲಾರಿಯನ್ನು ಹುಡುಕಬೇಕಾಯಿತು. ಆಗಲೂ ನೌಕಾಪಡೆಯವರು ಆ ರಾಡಿಯಲ್ಲಿ ನಂಬಿದ್ದು ಬೆಳಕನ್ನಲ್ಲ, ಶಬ್ದವನ್ನು.

ನೀರಿನಲ್ಲಿ ದೂರ ಹೋಗಬಲ್ಲದ್ದು ಶಬ್ದ ಒಂದೇ.

ಸರೋವರದಲ್ಲಿ ಗಂಟೆ ಬಾರಿಸಿದವರು

ನೀರಿನಲ್ಲಿ ಶಬ್ದ ಎಷ್ಟು ವೇಗವಾಗಿ ಹೋಗುತ್ತದೆ? 1826ರಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎಂಬ ಇಬ್ಬರು ಇದನ್ನು ಜಿನೀವಾ ಸರೋವರದಲ್ಲಿ ಅಳೆದರು. ರಾತ್ರಿ ಹೊತ್ತು, ಎರಡು ದೋಣಿಗಳು, ಅವುಗಳ ನಡುವೆ ಸುಮಾರು ಹದಿಮೂರೂವರೆ ಕಿಲೋಮೀಟರ್ ಅಂತರ. ಒಂದು ದೋಣಿಯಿಂದ ನೀರಿನೊಳಗೆ ದೊಡ್ಡ ಗಂಟೆಯನ್ನು ಇಳಿಬಿಟ್ಟಿದ್ದರು. ಗಂಟೆಗೆ ಹೊಡೆತ ಬಿದ್ದ ಕ್ಷಣದಲ್ಲೇ ದೋಣಿಯ ಮೇಲೆ ಮದ್ದು ಹೊತ್ತಿ ಭಗ್ ಎಂದು ಬೆಳಕು ಏಳುವಂತೆ ಏರ್ಪಾಟು ಮಾಡಿದ್ದರು. ಇನ್ನೊಂದು ದೋಣಿಯಲ್ಲಿದ್ದವರು ಬೆಳಕು ಕಂಡ ಕೂಡಲೇ ಕಾಲ ಎಣಿಸತೊಡಗಿದರು. ನೀರಿನಲ್ಲಿ ಅದ್ದಿದ ಉದ್ದನೆಯ ತಗಡಿನ ಕಹಳೆಗೆ ಕಿವಿಯಿಟ್ಟು ಕಾದರು. ಸುಮಾರು ಒಂಬತ್ತೂವರೆ ಸೆಕೆಂಡಿಗೆ ಗಂಟೆಯ ದನಿ ಕೇಳಿಸಿತು. ಲೆಕ್ಕ ಹಾಕಿದಾಗ ವೇಗ ಸೆಕೆಂಡಿಗೆ 1,435 ಮೀಟರ್ ಎಂದು ಬಂತು. ತಗಡು, ಗಂಟೆ, ಚಿಟಿಕೆ ಮದ್ದು, ಇಷ್ಟೇ ಸಾಮಾನಿನಲ್ಲಿ ಮಾಡಿದ ಈ ಪ್ರಯೋಗ ನನಗೆ ಬಹಳ ಇಷ್ಟ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸಮುದ್ರದ ನೀರಿನಲ್ಲಿ ಸುಮಾರು 1,500 ಮೀಟರ್, ನಾಲ್ಕು ಪಟ್ಟಿಗಿಂತ ಹೆಚ್ಚು. ಆದರೂ ರೇಡಿಯೊ ತರಂಗದ ವೇಗ ಸೆಕೆಂಡಿಗೆ 3,00,000 ಕಿಲೋಮೀಟರ್! ಅದರ ಮುಂದೆ ಶಬ್ದ ಎತ್ತಿನ ಗಾಡಿಯೂ ಅಲ್ಲ. ಸಮುದ್ರತಳ ಚಂದ್ರನಿಗಿಂತ 'ದೂರ'ವಾದದ್ದು ಹೀಗೆ.

ಶಬ್ದದಲ್ಲಿ ಬರೆಯುವುದು

ನೀರಿನೊಳಗಿನ ವಾಹನ ಮಾತಾಡುವುದು ನಮ್ಮಂತೆ ಅಲ್ಲ. ಅದು ಎಲ್ಲ ಸುದ್ದಿಯನ್ನೂ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ ಬರೆಯುತ್ತದೆ. ಇಂಥ ಒಂದೊಂದು ಅಂಕಿಗೂ 'ಬಿಟ್' ಎಂದು ಹೆಸರು. ಒಂದು ಸ್ವರಕ್ಕೆ 0, ಅದಕ್ಕಿಂತ ತುಸು ಏರಿದ ಸ್ವರಕ್ಕೆ 1 ಎಂದು ಮೊದಲೇ ಮಾತಾಡಿಕೊಂಡಿದ್ದರೆ ಸಾಕು. ಸ್ವರಗಳ ಸಾಲನ್ನು ಕೇಳಿ ಹಡಗಿನಲ್ಲಿರುವ ಯಂತ್ರ ಅಂಕಿಗಳನ್ನು ಬರೆದುಕೊಳ್ಳುತ್ತದೆ. ಈ ಕೆಲಸ ಮಾಡುವ ಯಂತ್ರಕ್ಕೆ 'ಶಬ್ದ ಮೋಡೆಮ್' ಎನ್ನುತ್ತಾರೆ. ಅದರ ಬಾಯಿ ಮತ್ತು ಕಿವಿ ಎರಡೂ ಒಂದು ವಿಶೇಷ ಪಿಂಗಾಣಿಯ ಬಿಲ್ಲೆ. ವಿದ್ಯುತ್ ಕೊಟ್ಟರೆ ಅದು ಕಂಪಿಸಿ ಶಬ್ದ ಮಾಡುತ್ತದೆ, ಶಬ್ದ ಬಂದು ಒತ್ತಿದರೆ ವಿದ್ಯುತ್ ಹುಟ್ಟಿಸುತ್ತದೆ. ಗ್ಯಾಸ್ ಒಲೆಯ ಲೈಟರ್ ಒತ್ತಿದಾಗ ಕಿಡಿ ಹಾರುತ್ತದಲ್ಲ, ಅದರೊಳಗೂ ಇಂಥದ್ದೇ ವಸ್ತು ಇದೆ.

ಇನ್ನು ವೇಗದ ಮಾತು. ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್ ಕಳಿಸಬಹುದು?

ಸಾಧಾರಣ ಮೊಬೈಲ್ ಫೋಟೊ ಒಂದರಲ್ಲಿ 80 ಲಕ್ಷ ಬಿಟ್ ಇವೆ ಎಂದಿಟ್ಟುಕೊಳ್ಳಿ. ಊರಲ್ಲಿ 4ಜಿ ಚೆನ್ನಾಗಿ ಸಿಕ್ಕರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ನೀರಿನಲ್ಲಿ ಸೆಕೆಂಡಿಗೆ 10,000 ಬಿಟ್ ಕಳಿಸುವ ಮೋಡೆಮ್ ಎಂದರೆ ಒಳ್ಳೆಯ ಮೋಡೆಮ್ ಎಂದೇ ಲೆಕ್ಕ. ಅದಕ್ಕೆ ಬೇಕಾಗುವ ಕಾಲ 800 ಸೆಕೆಂಡ್, ಅಂದರೆ 13 ನಿಮಿಷ 20 ಸೆಕೆಂಡ್. ಒಂದೇ ಒಂದು ಫೋಟೊಗೆ! ಬೇರೆ ಬೇರೆ ದೇಶಗಳ ಯಂತ್ರಗಳು ನೀರಿನಲ್ಲಿ ಪರಸ್ಪರ ಮಾತಾಡಲೆಂದು 2017ರಲ್ಲಿ 'ಜೇನಸ್' ಎಂಬ ಸಾಮಾನ್ಯ ಭಾಷೆಯೊಂದನ್ನು ನೇಟೊ ದೇಶಗಳು ಒಪ್ಪಿಕೊಂಡವು. ಅದರ ವೇಗ ಸೆಕೆಂಡಿಗೆ 80 ಬಿಟ್. ಅದರಲ್ಲಿ ಇದೇ ಫೋಟೊ ಕಳಿಸಿದರೆ ಒಂದು ಲಕ್ಷ ಸೆಕೆಂಡ್, ಇಪ್ಪತ್ತೇಳು ತಾಸಿಗೂ ಹೆಚ್ಚು.

ಬೇಗ ಕಳಿಸಲು ಅಡ್ಡಿಗಳು

'ಸ್ವರಗಳನ್ನು ಬೇಗ ಬೇಗ ನುಡಿಸಿದರಾಯಿತಲ್ಲ?' ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಒಂದು ಸ್ವರ ಯಾವುದೆಂದು ಗುರುತಿಸಬೇಕಾದರೆ ಅದು ಕೆಲವು ಸಲವಾದರೂ ಕಂಪಿಸಬೇಕು. ಸೆಕೆಂಡಿಗೆ ನೂರು ಸಲ ಕಂಪಿಸುವ ಸ್ವರವನ್ನು ಸೆಕೆಂಡಿಗೆ ಸಾವಿರ ಸಲ ಬದಲಿಸಲು ಬರುವುದಿಲ್ಲ. ಬೇಗ ಬರೆಯಬೇಕಾದರೆ ಹೆಚ್ಚು ಕಂಪಿಸುವ, ಅಂದರೆ ಹೆಚ್ಚು ಆವೃತ್ತಿಯ ಕೀರಲು ಶಬ್ದ ಬೇಕು. ಆದರೆ ಕೀರಲು ಶಬ್ದ ದೂರ ಹೋಗುವುದಿಲ್ಲ. ರಾತ್ರಿ ಪಕ್ಕದ ಊರಿನಲ್ಲಿ ಜಾತ್ರೆ ನಡೆದಾಗ ನಿಮಗೆ ಏನು ಕೇಳಿಸುತ್ತದೆ, ನೆನಪಿಸಿಕೊಳ್ಳಿ. ಡೊಳ್ಳಿನ 'ಧಂ ಧಂ' ಕೇಳಿಸುತ್ತದೆ. ತಾಳದ ಕಿಣಿಕಿಣಿ ಊರ ಹೊರಗೆ ಬರುವಷ್ಟರಲ್ಲಿ ಕರಗಿರುತ್ತದೆ.

ಸಮುದ್ರದಲ್ಲಿಯೂ ಹಾಗೆಯೇ. ಸೆಕೆಂಡಿಗೆ 10,000 ಸಲ ಕಂಪಿಸುವ ಶಬ್ದ ಒಂದು ಕಿಲೋಮೀಟರ್ ಹೋಗುವಾಗ ನೀರು ಹೀರಿಕೊಳ್ಳುವುದು ಅದರ ಶಕ್ತಿಯ ಐದನೆಯ ಒಂದು ಭಾಗದಷ್ಟನ್ನು. ಒಂದು ಲಕ್ಷ ಸಲ ಕಂಪಿಸುವ ಶಬ್ದವಾದರೆ ಅದೇ ದೂರದಲ್ಲಿ ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಸಮುದ್ರದಲ್ಲಿ ಕರಗಿರುವ ಮೆಗ್ನೀಸಿಯಂ ಸಲ್ಫೇಟ್ ಎಂಬ ಲವಣ ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಎಂಜಿನಿಯರುಗಳ ಮುಂದೆ ಯಾವಾಗಲೂ ಒಂದು ಆಯ್ಕೆ ಇರುತ್ತದೆ: ದೂರ ಬೇಕೋ, ವೇಗ ಬೇಕೋ? ಕೆಲವು ನೂರು ಮೀಟರ್ ಅಂತರಕ್ಕೆ ಸೆಕೆಂಡಿಗೆ ಸುಮಾರು 60,000 ಬಿಟ್ ಕಳಿಸುವ ಮೋಡೆಮ್‌ಗಳಿವೆ. ಹಲವು ಕಿಲೋಮೀಟರ್ ದಾಟಬೇಕಾದರೆ ಕೆಲವು ಸಾವಿರ, ಒಮ್ಮೊಮ್ಮೆ ಕೆಲವು ನೂರು ಬಿಟ್‌ಗಳಿಗೆ ತೃಪ್ತಿಪಡಬೇಕು.

ಎರಡನೆಯ ತೊಂದರೆ ಇದಕ್ಕಿಂತ ದೊಡ್ಡದು. ಅದನ್ನು ತಿಳಿಯಲು ಸಮುದ್ರಕ್ಕೆ ಹೋಗಬೇಕಿಲ್ಲ, ವಿಜಯಪುರಕ್ಕೆ ಹೋದರೆ ಸಾಕು. ಶಾಲೆಯ ಪ್ರವಾಸದಲ್ಲಿ ಗೋಲಗುಮ್ಮಟ ಹತ್ತಿದವರು ಅಲ್ಲಿ ಚಪ್ಪಾಳೆ ತಟ್ಟದೆ ಬಂದಿರಲಾರರು. ಒಂದು ಚಪ್ಪಾಳೆ ಏಳೆಂಟು ಸಲ ಮರಳಿ ಕೇಳಿಸುತ್ತದೆ. ಚಪ್ಪಾಳೆಯೇನೋ ಚೆಂದ. ಆದರೆ ಅಲ್ಲಿ ನಿಂತು ಗಡಿಬಿಡಿಯಲ್ಲಿ ಮಗ್ಗಿ ಒಪ್ಪಿಸಿ ನೋಡಿ! 'ಐದೊಂದ್ಲೆ ಐದು' ಎಂಬುದರ ಪ್ರತಿಧ್ವನಿ 'ಐದ್ನಾಲ್ಕ್ಲೆ ಇಪ್ಪತ್ತು' ಎಂಬುದರ ಮೇಲೆ ಬೀಳುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಸಮುದ್ರವೂ ಒಂದು ಗೋಲಗುಮ್ಮಟವೇ. ಮೇಲೆ ನೀರಿನ ಮೈ, ಕೆಳಗೆ ನೆಲ. ಶಬ್ದ ಎರಡಕ್ಕೂ ಬಡಿದು ಬಡಿದು ಬೇರೆ ಬೇರೆ ದಾರಿಯಿಂದ ಬರುತ್ತದೆ. ನೇರವಾಗಿ ಬಂದ ಸ್ವರ ಮೊದಲು ಮುಟ್ಟುತ್ತದೆ, ಸುತ್ತಿ ಬಂದದ್ದು ಆಮೇಲೆ. ಅಷ್ಟರಲ್ಲಿ ಮುಂದಿನ ಸ್ವರವೂ ಬಂದಿರುತ್ತದೆ. ಅಲೆಗಳಿಂದ ನೀರಿನ ಮೈ ಸದಾ ಅಲುಗುವುದರಿಂದ ಪ್ರತಿಧ್ವನಿಯ ರೀತಿಯೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಗುಮ್ಮಟದ ಗೋಡೆಯಾದರೋ ನಿಂತಲ್ಲೇ ನಿಂತಿದೆ.

ಮೂರನೆಯದು, ವಾಹನ ಚಲಿಸುತ್ತಿರುತ್ತದೆ. ಶಿಳ್ಳೆ ಹಾಕುತ್ತಾ ರೈಲು ಹತ್ತಿರ ಬರುವಾಗ ಅದರ ದನಿ ಏರಿರುತ್ತದೆ, ನಮ್ಮನ್ನು ದಾಟಿ ಹೋದೊಡನೆ ಇಳಿಯುತ್ತದೆ. ಕಲಬುರಗಿ ನಿಲ್ದಾಣದಲ್ಲಿ ನಿಂತು ಗಮನಿಸಿ. ಇದಕ್ಕೆ ಡಾಪ್ಲರ್ ಪರಿಣಾಮ ಎನ್ನುತ್ತಾರೆ. ವೇಗ ಎಷ್ಟು ಎಂಬುದಕ್ಕಿಂತ, ತರಂಗದ ವೇಗದಲ್ಲಿ ಅದು ಎಷ್ಟನೆಯ ಭಾಗ ಎಂಬುದು ಇಲ್ಲಿ ಮುಖ್ಯ. ಗಂಟೆಗೆ 54 ಕಿ.ಮೀ. ಓಡುವ ಬಸ್ಸಿನಲ್ಲಿ ಕುಳಿತು ನೀವು ಮೊಬೈಲಿನಲ್ಲಿ ಮಾತಾಡಿದರೆ ಬಸ್ಸಿನ ವೇಗ ರೇಡಿಯೊ ತರಂಗದ ವೇಗದ ಎರಡು ಕೋಟಿಯ ಒಂದು ಭಾಗ. ನೀರಿನೊಳಗಿನ ವಾಹನ ಸೆಕೆಂಡಿಗೆ ಒಂದೂವರೆ ಮೀಟರ್, ಅಂದರೆ ನಮ್ಮ ನಡಿಗೆಯಷ್ಟು ನಿಧಾನ ಹೋದರೂ ಅದು ಶಬ್ದದ ವೇಗದ ಸಾವಿರದ ಒಂದು ಭಾಗ. 10,000 ಕಂಪನದ ಸ್ವರ 10,010 ಆಗಿ ಕೇಳಿಸುತ್ತದೆ. 0 ಮತ್ತು 1ರ ಸ್ವರಗಳನ್ನು ಒತ್ತೊತ್ತಾಗಿ ಇಟ್ಟಿದ್ದರೆ ಒಂದು ಇನ್ನೊಂದಾಗಿಬಿಡುತ್ತದೆ.

ಕೂರಿಗೆಯ ಉಪಾಯ

ಇಷ್ಟೆಲ್ಲ ಅಡ್ಡಿಯಿದ್ದರೂ ವೇಗ ಹೆಚ್ಚಿಸಲು ಸಾಧ್ಯವಾಗಿದೆ. ಹೇಗೆಂದು ತಿಳಿಯಲು ಹೊಲದ ಕಡೆ ನೋಡಿ. ತೊಗರಿ, ಜೋಳ ಬಿತ್ತುವಾಗ ಎತ್ತುಗಳು ನಿಧಾನವಾಗಿಯೇ ನಡೆಯುತ್ತವೆ. ಆದರೆ ಕೂರಿಗೆ ಒಂದೇ ಸಾಲು ಬಿತ್ತುವುದಿಲ್ಲ, ಒಮ್ಮೆಗೆ ಮೂರು ನಾಲ್ಕು ಸಾಲು ಬಿತ್ತುತ್ತದೆ. ಎತ್ತುಗಳನ್ನು ಓಡಿಸದೆ ಹೊಲ ಬೇಗ ಮುಗಿಯುತ್ತದೆ.

ಹೊಸ ಮೋಡೆಮ್‌ಗಳು ಮಾಡುವುದೂ ಇದನ್ನೇ. ಒಂದೇ ಸ್ವರವನ್ನು ಗಡಿಬಿಡಿಯಿಂದ ಬದಲಿಸುವ ಬದಲು ನೂರಾರು ಸ್ವರಗಳನ್ನು ಒಟ್ಟಿಗೆ ನುಡಿಸುತ್ತವೆ. ಪ್ರತಿಯೊಂದು ಸ್ವರವೂ ನಿಧಾನವಾಗಿ ಬದಲಾಗುತ್ತದೆ, ಆದ್ದರಿಂದ ಅದರ ಪ್ರತಿಧ್ವನಿ ಅಡಗುವವರೆಗೆ ಕಾಯಲು ಪುರುಸೊತ್ತು ಇರುತ್ತದೆ. ಎಲ್ಲ ಸೇರಿದಾಗ ವೇಗವೂ ಸಿಗುತ್ತದೆ. ಇನ್ನೊಂದು ಉಪಾಯವೂ ಇದೆ. ಸುದ್ದಿ ಕಳಿಸುವ ಮೊದಲು ಎರಡೂ ಕಡೆಯವರಿಗೆ ಗೊತ್ತಿರುವ ಒಂದು ಸ್ವರಮಾಲೆಯನ್ನು ಕಳಿಸುತ್ತಾರೆ. ಅದು ಹೇಗೆ ಕೆಟ್ಟು ಬಂದಿದೆ ಎಂಬುದನ್ನು ನೋಡಿ ಆ ಹೊತ್ತಿನ ಪ್ರತಿಧ್ವನಿಯ ರೀತಿಯನ್ನು, ವಾಹನದ ಚಲನೆಯನ್ನು ಯಂತ್ರ ಲೆಕ್ಕ ಹಾಕುತ್ತದೆ. ಅಷ್ಟನ್ನು ಕಳೆದುಬಿಟ್ಟರೆ ಉಳಿಯುವುದು ನಿಜವಾದ ಸುದ್ದಿ. ಹಡಗು ವಾಹನದ ನೆತ್ತಿಯ ನೇರಕ್ಕೆ ನಿಂತರಂತೂ ಅಡ್ಡಡ್ಡ ಬಡಿದು ಬರುವ ಪ್ರತಿಧ್ವನಿಗಳ ಕಾಟ ಎಷ್ಟೋ ಕಡಿಮೆ.

ಹೀಗಿದ್ದರೂ ಫೋಟೊಗಳ ಗಂಟನ್ನು ಶಬ್ದದಲ್ಲಿ ಮೇಲೆ ಕಳಿಸುವುದು ಆಗದ ಮಾತು. ಅದಕ್ಕೇ ವಾಹನ ತಾನು ತೆಗೆದ ಚಿತ್ರಗಳನ್ನು ತನ್ನ ನೆನಪಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಮೇಲೆ ಬಂದ ಮೇಲೆ ಕೊಡುತ್ತದೆ. ಕೆಳಗಿರುವಾಗ ಕಳಿಸುವುದು ಚುಟುಕು ಸುದ್ದಿ ಮಾತ್ರ: ಎಷ್ಟು ಆಳದಲ್ಲಿದ್ದೇನೆ, ಯಾವ ದಿಕ್ಕಿಗೆ ಹೋಗುತ್ತಿದ್ದೇನೆ, ಬ್ಯಾಟರಿ ಎಷ್ಟು ಉಳಿದಿದೆ. 'ಎದುರಿಗೆ ಬಂಡೆ ಇದೆ, ಏನು ಮಾಡಲಿ?' ಎಂದು ಕೇಳಿ ಉತ್ತರ ಬರುವುದಕ್ಕೆ ಏಳು ಸೆಕೆಂಡ್ ಬೇಕು. ಅಷ್ಟರಲ್ಲಿ ಬಂಡೆಗೆ ಬಡಿದಿರುತ್ತದೆ! ಆದ್ದರಿಂದಲೇ ಇದು ಸ್ವಯಂಚಾಲಿತ ವಾಹನ. ಬಂಡೆ ಕಂಡರೆ ಕೇಳುತ್ತ ನಿಲ್ಲದೆ ತಾನೇ ತಿರುಗಿಕೊಳ್ಳಬೇಕು.

ನಮಗೇಕೆ ಸಮುದ್ರದ ಗೊಡವೆ?

ನಿಂಬರ್ಗಾದಿಂದ ಸಮುದ್ರ ಮುನ್ನೂರು ಕಿಲೋಮೀಟರಿಗೂ ದೂರ. ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳಲ್ಲಿ ಸಮುದ್ರ ನೋಡಿದವರು ಕೈಬೆರಳೆಣಿಕೆಯಷ್ಟು. ಆದರೆ ಸಮುದ್ರದ ತಳದಿಂದ ಬರುವ ಶಬ್ದದ ಸುದ್ದಿ ಕೊನೆಗೆ ಮುಟ್ಟುವುದು ಸಮುದ್ರವಿಲ್ಲದ ಒಂದು ಊರಿಗೆ. ಅದು ನಮ್ಮ ಭಾಗದ ಜನ ದುಡಿಮೆಗೆ, ಆಸ್ಪತ್ರೆಗೆ ಹೋಗಿ ಬರುವ ಹೈದರಾಬಾದ್.

2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಸಮುದ್ರದಡಿ ಭೂಕಂಪವಾಗಿ ಸುನಾಮಿ ಎದ್ದಿತು. ಅಲೆಗಳು ತಮಿಳುನಾಡಿನ ದಂಡೆಗೆ ಬರಲು ಎರಡು ತಾಸಿನಷ್ಟು ಹೊತ್ತು ಹಿಡಿದಿತ್ತು. ಆದರೆ ದಂಡೆಯವರಿಗೆ ಹೇಳುವವರು ಯಾರೂ ಇರಲಿಲ್ಲ. ಭಾರತದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ 2007ರ ಅಕ್ಟೋಬರಿನಲ್ಲಿ ಹೈದರಾಬಾದಿನ 'ಇನ್‌ಕಾಯಿಸ್' ಎಂಬ ಸಾಗರ ಮಾಹಿತಿ ಸಂಸ್ಥೆಯಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಅದಕ್ಕಾಗಿ ಆಳ ಸಮುದ್ರದ ತಳದಲ್ಲಿ ನೀರಿನ ಒತ್ತಡ ಅಳೆಯುವ ಯಂತ್ರಗಳನ್ನು ಇಡುತ್ತಾರೆ. ಕೆಲವು ಕಿಲೋಮೀಟರ್ ಎತ್ತರದ ನೀರು ಬರೀ ಒಂದು ಸೆಂಟಿಮೀಟರಿನಷ್ಟು ಏರಿದರೂ ಅವು ಕಂಡುಹಿಡಿಯುತ್ತವೆ. ಕೂಡಲೇ ಶಬ್ದ ಮೋಡೆಮ್ ಮೂಲಕ ಮೇಲೆ ತೇಲುತ್ತಿರುವ ತೇಲುಬುರುಡೆಗೆ ಸುದ್ದಿ ಕೊಡುತ್ತವೆ. ತೇಲುಬುರುಡೆ ಅದನ್ನು ರೇಡಿಯೊದಲ್ಲಿ ಉಪಗ್ರಹಕ್ಕೆ ಕೊಡುತ್ತದೆ, ಉಪಗ್ರಹ ಭೂಮಿಗೆ ಇಳಿಸುತ್ತದೆ. ಇಡೀ ದಾರಿಯಲ್ಲಿ ನಿಧಾನದ ತುಂಡು ಯಾವುದು? ಮೊದಲ ಕೆಲವು ಕಿಲೋಮೀಟರ್ ನೀರು.

ಇಲ್ಲಿ ಒಂದು ಮಾತು ಗಮನಿಸಿ. ಈ ಸುದ್ದಿ ಕೆಲವೇ ಅಂಕಿಗಳದ್ದು. ಅದಕ್ಕೆ ಬಹಳ ವೇಗ ಬೇಕಿಲ್ಲ, ಆದರೆ ತಪ್ಪು ಕೂಡದು. 1 ಸೆಂಟಿಮೀಟರ್ ಎಂಬುದು ದಾರಿಯಲ್ಲಿ 100 ಆದರೆ ಸುಮ್ಮನೆ ಸಾವಿರಾರು ಜನ ಮನೆ ಬಿಟ್ಟು ಓಡುತ್ತಾರೆ. 100 ಎಂಬುದು 1 ಆದರೆ? ಅದಕ್ಕಾಗಿ ಸುದ್ದಿಯ ಕೊನೆಗೆ ತಾಳೆ ನೋಡುವ ಅಂಕಿಗಳನ್ನು ಸೇರಿಸುತ್ತಾರೆ. ಅಂಗಡಿಯ ಚೀಟಿಯಲ್ಲಿ ಕೆಳಗೆ ಒಟ್ಟು ಮೊತ್ತ ಬರೆದಿರುವಂತೆ. ಮೊತ್ತ ಹೊಂದದಿದ್ದರೆ 'ಇನ್ನೊಮ್ಮೆ ಹೇಳು' ಎಂದು ಕೇಳುತ್ತಾರೆ. ವೇಗ ಹೆಚ್ಚಿದಂತೆಲ್ಲ ಇಂಥ ಅಂಕಿಗಳೂ ಹೆಚ್ಚು ಬೇಕಾಗುತ್ತವೆ. ನನ್ನನ್ನು ಕೇಳಿದರೆ, ಫೋಟೊ ಬೇಗ ತರುವ ಮೋಡೆಮ್‌ಗಿಂತ ಹತ್ತು ಅಂಕಿಗಳನ್ನು ತಪ್ಪಿಲ್ಲದೆ ತರುವ ಮೋಡೆಮ್ ದೊಡ್ಡದು.

ಮಾಡಿ ನೋಡಿ

ಬೇಕಾದವು: ನೀರು ತುಂಬಿದ ಬಕೆಟ್, ಎರಡು ಸಣ್ಣ ಕಲ್ಲು, ಎರಡು ಸ್ಟೀಲ್ ಚಮಚ. (ಬಕೆಟ್ ಶಾಲೆಯ ಅಂಗಳದಲ್ಲಿರಲಿ. ಈ ಪ್ರಯೋಗಕ್ಕೆಂದು ಯಾರೂ ಬಾವಿ, ಕೆರೆ, ನದಿಗೆ ಇಳಿಯಬಾರದು.)

ಒಬ್ಬರು ಬಕೆಟ್ಟಿನ ಹೊರಮೈಗೆ ಕಿವಿ ಹಚ್ಚಿ ಕಣ್ಣು ಮುಚ್ಚಿಕೊಳ್ಳಲಿ. ಇನ್ನೊಬ್ಬರು ಕಲ್ಲಿಗೆ ಕಲ್ಲನ್ನು ಮೊದಲು ನೀರಿನ ಮೇಲೆ, ಆಮೇಲೆ ನೀರಿನೊಳಗೆ ಮೆಲ್ಲಗೆ ತಟ್ಟಲಿ. ಯಾವುದು ಚೆನ್ನಾಗಿ ಕೇಳಿಸಿತು? ಈಗ ಕಲ್ಲಿನ ಶಬ್ದಕ್ಕೆ 0, ಚಮಚದ ಶಬ್ದಕ್ಕೆ 1 ಎಂದು ಇಟ್ಟುಕೊಳ್ಳಿ. ಮೂರು ಸಲ ತಟ್ಟಿದರೆ 000ದಿಂದ 111ರವರೆಗೆ ಎಂಟು ಸುದ್ದಿ ಕಳಿಸಬಹುದು. ನೀವು ಸಮುದ್ರದ ಆಳದಲ್ಲಿರುವ ವಾಹನ ಎಂದುಕೊಂಡು ಆ ಎಂಟು ಸುದ್ದಿ ಯಾವುವೆಂದು ಗುಂಪಿನಲ್ಲಿ ಚರ್ಚಿಸಿ ಪಟ್ಟಿ ಮಾಡಿ. 'ಕ್ಷೇಮ', 'ಮೇಲೆ ಬರುತ್ತಿದ್ದೇನೆ', ಮುಂದೆ? ಆಮೇಲೆ ನಾಲ್ಕನೆಯ ತಟ್ಟು ಸೇರಿಸಿ: ಒಟ್ಟು 1ಗಳ ಸಂಖ್ಯೆ ಯಾವಾಗಲೂ ಸಮಸಂಖ್ಯೆ ಆಗುವಂತೆ ಅದನ್ನು 0 ಅಥವಾ 1 ಮಾಡಿ. ಕೇಳುವವರಿಗೆ 1ಗಳು ಬೆಸಸಂಖ್ಯೆಯಲ್ಲಿ ಬಂದರೆ ಎಲ್ಲೋ ತಪ್ಪಾಗಿದೆ ಎಂದು ತಿಳಿಯುತ್ತದೆ. ಒಂದರ ಬದಲು ಎರಡು ತಟ್ಟು ತಪ್ಪಿದರೆ ಏನಾಗುತ್ತದೆ?

ಲೆಕ್ಕ ಹಾಕಿ

1. ಹಡಗು ಕಳಿಸಿದ ಶಬ್ದಕ್ಕೆ ವಾಹನ ಕೂಡಲೇ ಉತ್ತರ ಕೊಟ್ಟಿತು. ಉತ್ತರ ಹಡಗಿಗೆ ಮುಟ್ಟಲು ಒಟ್ಟು 6 ಸೆಕೆಂಡ್ ಆಯಿತು. ವಾಹನ ಎಷ್ಟು ದೂರದಲ್ಲಿದೆ?

2. ಸೆಕೆಂಡಿಗೆ 60,000 ಬಿಟ್ ಕಳಿಸುವ ಮೋಡೆಮ್‌ನಲ್ಲಿ 6 ಲಕ್ಷ ಬಿಟ್‌ಗಳ ಸಣ್ಣ ಚಿತ್ರ ಎಷ್ಟು ಹೊತ್ತಿನಲ್ಲಿ ಹೋಗುತ್ತದೆ? ಅದೇ ಚಿತ್ರ ಸೆಕೆಂಡಿಗೆ 80 ಬಿಟ್ ವೇಗದಲ್ಲಿ?

ಉತ್ತರ: 1. 4,500 ಮೀಟರ್. 2. 10 ಸೆಕೆಂಡ್, 7,500 ಸೆಕೆಂಡ್, ಅಂದರೆ 2 ತಾಸು 5 ನಿಮಿಷ.